ಕೊಡದ ಬಾಯಿ

ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಯಲ್ಲಿ ನಾನು ಫೇಲಾದೆ. ಆಗ ಒಂಬತ್ತನೇ ಇಯತ್ತೆಯಲ್ಲಿದ್ದೆ. ಸ್ಟೂಲಿನ ಮೇಲೆ ನಿರಿಗೆ ಬೀಳುವಂತೆ ಹಾಸಿದ ಒಂದು ಬಟ್ಟೆ, ಅದರ ಮೇಲೆ ತಾಮ್ರದ ಕೊಡ, ಪಕ್ಕದಲ್ಲಿ ಎರಡು ಬದನೆಕಾಯಿ. ಸುತ್ತಲೂ ನಾವು ಹುಡುಗ ಹುಡುಗಿಯರು ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ನೆಲದ ಮೇಲೆ ಕುಳಿತಿದ್ದೆವು. ಅಷ್ಟು ತಗ್ಗಿನಲ್ಲಿ ಕುಳಿತವರಿಗೆ ಕೊಡದ ಬಾಯಿ ಹೆಚ್ಚೆಂದರೆ ದಪ್ಪನೆಯ ಒಂದು ಗೆರೆಯಷ್ಟು ಕಾಣಬೇಕು. ನಾನು ಅದನ್ನು ಬಳೆ ಇಟ್ಟು ಗೀಚಿದಷ್ಟು ದುಂಡಗೆ ತೆಗೆದು, ಒಳಗೆ ಕಪ್ಪು ತುಂಬಿ, ಬಹಳ ಚಲೋ ಆಯಿತೆಂದು ಎದ್ದು ಬಂದೆ. ಫೇಲಾಗಲು ಕೊಡವೊಂದೇ ಕಾರಣವಲ್ಲ, ಜಾಮಿತಿಯೂ ಕೈಕೊಟ್ಟಿತ್ತು. ಆದರೆ ಫಲಿತಾಂಶ ಬಂದ ದಿನ ನಮ್ಮ ಡ್ರಾಯಿಂಗ್ ಮಾಸ್ತರು ಮಾತಾಡಿದ್ದು ಕೊಡದ ಬಗ್ಗೆ ಮಾತ್ರ.

"ಕೊಡದ ಬಾಯಿ ದುಂಡಗ ಇರತೈತಿ ಅಂತ ನಿನಗ ಗೊತ್ತೈತಿ. ನೀ ಕುಂತ ಜಾಗಾದಿಂದ ಅದು ದುಂಡಗ ಕಾಣತಿತ್ತೇನು? ಗೊತ್ತಿದ್ದದ್ದು ತಗೀಬ್ಯಾಡ ತಂಗಿ, ಕಂಡದ್ದು ತಗಿ."

ಆ ದುಂಡು ಬಾಯಿ ನನಗೆ ಎಲ್ಲಿಂದ ಬಂದಿತ್ತು ಎಂಬುದು ಆಗ ಗೊತ್ತಿರಲಿಲ್ಲ, ಈಗ ಗೊತ್ತಿದೆ. ನನ್ನ ಆಯಿಯ ಮನೆಯಲ್ಲಿ ಕಲಘಟಗಿಯ ಒಂದು ತೊಟ್ಟಿಲಿತ್ತು. ನಮ್ಮವ್ವ, ನಮ್ಮ ಮಾವಂದಿರು, ನಾನು, ನನ್ನ ತಮ್ಮ ಎಲ್ಲರೂ ಅದರಲ್ಲೇ ಮಲಗಿ ಬೆಳೆದವರು. ಸಾಗವಾನಿ ಕಟ್ಟಿಗೆಯ ಹಲಗೆಗಳ ಮೇಲೆ ಅರಗಿನ ಬಣ್ಣದಲ್ಲಿ ಬಿಡಿಸಿದ ಚಿತ್ರಗಳು: ಕೆಂಪು, ಹಳದಿ, ಹಸಿರು, ಸುತ್ತ ಕಪ್ಪು ಗೆರೆ. ನೆರಳೆಂಬುದು ಇಲ್ಲವೇ ಇಲ್ಲ. ಬೆಣ್ಣೆ ಕದಿಯುವ ಕೃಷ್ಣನ ಮುಖ ಒಂದು ಪಕ್ಕಕ್ಕೆ, ಕಣ್ಣು ಪೂರ್ತಿ ನಮ್ಮ ಕಡೆಗೆ, ಗಡಿಗೆಯ ಬಾಯಿ ಹುಣ್ಣಿಮೆ ಚಂದ್ರನಂತೆ ದುಂಡಗೆ. ಗಡಿಗೆಯೊಳಗೆ ಬೆಣ್ಣೆ ಇದೆಯೆಂದು ಮಗುವಿಗೆ ಗೊತ್ತಾಗಬೇಕಲ್ಲ, ಬಾಯಿ ತೆರೆದಿರದಿದ್ದರೆ ಹೇಗೆ?

ಈಗ ನಾನು ಆಧುನಿಕ ಯುರೋಪಿನ ಚಿತ್ರಕಲೆ ಮತ್ತು ಶಿಲ್ಪದ ಚರಿತ್ರೆಯನ್ನು ಓದುತ್ತಿದ್ದೇನೆ. ಈ ನಾಲ್ಕು ವರ್ಷಗಳಲ್ಲಿ ಪ್ಯಾರಿಸ್ಸಿನ ಯಾವ ಗಲ್ಲಿ ಹೊಕ್ಕರೂ ಕೊನೆಗೆ ಆ ಕೊಡದ ಬಾಯಿಯ ಹತ್ತಿರವೇ ಬಂದು ನಿಲ್ಲುತ್ತೇನೆ.

ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ಹೋಗುವ ಬಸ್ಸಿನಲ್ಲಿ ಪರಿಚಯದವರು ಸಿಕ್ಕರೆ ಒಂದೇ ಪ್ರಶ್ನೆ: "ಪಿಎಚ್.ಡಿ. ಯಾವುದರಾಗ ಮಾಡಾಕತ್ತೀಯವ್ವಾ?" ಯುರೋಪಿನ ಚಿತ್ರಕಲೆ ಎನ್ನುತ್ತೇನೆ. "ಹೌದಾ? ಅಲ್ಲಿಗೆ ಹೋಗಿ ಬಂದಿಯೇನು?" ಇಲ್ಲ ಎನ್ನುತ್ತೇನೆ. ಅಲ್ಲಿಂದ ಮಾತು ಕಡ್ಲಿ ದರಕ್ಕೆ ಹೊರಳುತ್ತದೆ. ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಮೊನೆಯ ಒಂದು ಮೂಲಚಿತ್ರವನ್ನೂ ಕಣ್ಣಾರೆ ನೋಡದೆ ಮೊನೆಯ ಬಗ್ಗೆ ನಲವತ್ತು ಪುಟ ಬರೆದವಳು ನಾನು. ಆ ನಲವತ್ತು ಪುಟ ಓದಿದ ನನ್ನ ಮಾರ್ಗದರ್ಶಕರು ಕರಡಿನ ಅಂಚಿನಲ್ಲಿ ಒಂದೇ ಒಂದು ಸಾಲು ಬರೆದಿದ್ದರು: "ಇದನ್ನೆಲ್ಲ ನೀನು ಎಲ್ಲಿ ಕುಳಿತು ನೋಡಿದೆ?"

ಆ ಅಧ್ಯಾಯದಲ್ಲಿ ನಾನು ಮಾಡಿದ್ದು ಪಂಥಗಳ ಪಟ್ಟಿ. ಚಿತ್ರಕಲೆ ಓದಿದ ಎಲ್ಲರಿಗೂ ಅದು ಬಾಯಿಪಾಠ. ರಿಯಲಿಸಂ, ಇಂಪ್ರೆಷನಿಸಂ, ಪೋಸ್ಟ್ ಇಂಪ್ರೆಷನಿಸಂ, ಫಾವಿಸಂ, ಕ್ಯೂಬಿಸಂ, ಹೀಗೆ ರೈಲ್ವೆ ಸ್ಟೇಷನ್ನುಗಳಂತೆ ಒಂದಾದ ಮೇಲೊಂದು. ನೆಟ್ ಪರೀಕ್ಷೆಯಲ್ಲಿ ಹೊಂದಿಸಿ ಬರೆಯಲು ಇದು ಸಾಕು. ಹಾಸ್ಟೆಲಿನಲ್ಲಿ ನಾವು ಇವುಗಳನ್ನು ಮಗ್ಗಿಯಂತೆ ಹೇಳಿಕೊಳ್ಳುತ್ತಿದ್ದೆವು. ಈ ಪಟ್ಟಿಯಲ್ಲಿ ಒಂದೇ ತೊಂದರೆ. ಅದು ಪ್ಯಾರಿಸ್ಸಿನಲ್ಲಿ ಕುಳಿತವರಿಗೆ ಕಾಣುವ ಪಟ್ಟಿ. ಧಾರವಾಡ ಜಿಲ್ಲೆಯಲ್ಲಿ ಕುಳಿತವರಿಗೆ ಇದೇ ಚರಿತ್ರೆ ತಲೆಕೆಳಗಾಗಿ ಕಾಣುತ್ತದೆ.

ಹೇಗೆಂದರೆ, ನನ್ನನ್ನು ಫೇಲು ಮಾಡಿದ ಆ ಪರೀಕ್ಷೆಯ ಬೇರು ಮುಂಬಯಿಯಲ್ಲಿದೆ. 1956ರ ಏಕೀಕರಣದವರೆಗೆ ಧಾರವಾಡ ಮುಂಬಯಿ ಆಡಳಿತಕ್ಕೆ ಸೇರಿತ್ತು. ಪಾರ್ಸಿ ವ್ಯಾಪಾರಿ ಜಮ್ಶೆಡ್‌ಜಿ ಜೀಜೀಭಾಯ್ ಕೊಟ್ಟ ಒಂದು ಲಕ್ಷ ರೂಪಾಯಿಯಿಂದ 1857ರಲ್ಲಿ ಮುಂಬಯಿಯಲ್ಲಿ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಆರಂಭವಾಯಿತು. ಅಲ್ಲಿ ಕಲಿಸಿದ್ದು ಇಂಗ್ಲೆಂಡಿನ ಕಲಾಶಾಲೆಗಳ ಪಾಠ. ಗ್ರೀಕ್ ಮತ್ತು ರೋಮನ್ ಮೂರ್ತಿಗಳ ಪ್ಲಾಸ್ಟರ್ ಅಚ್ಚುಗಳನ್ನು ಮುಂದಿಟ್ಟುಕೊಂಡು ನೆರಳು ಬೆಳಕು ತೀಡುವುದು, ದೂರ ಹೋದಂತೆ ವಸ್ತು ಸಣ್ಣದಾಗುವ ಲೆಕ್ಕ, ಜಾಮಿತಿ, ಅಲಂಕಾರಿಕ ವಿನ್ಯಾಸ. ಅದೇ ಪಾಠ ಇಳಿಯುತ್ತ ಇಳಿಯುತ್ತ ಜಿಲ್ಲೆಗಳ ಶಾಲೆಗಳಿಗೆ ಡ್ರಾಯಿಂಗ್ ಪರೀಕ್ಷೆಯಾಗಿ ಬಂತು. ಆ ಪರೀಕ್ಷೆ ಪಾಸಾದವರು ಡ್ರಾಯಿಂಗ್ ಮಾಸ್ತರರಾದರು, ಅವರು ಮತ್ತೆ ಕೊಡ ಇಟ್ಟು ಬದನೆಕಾಯಿ ಇಟ್ಟು ಮಕ್ಕಳನ್ನು ಸುತ್ತ ಕೂಡಿಸಿದರು.

ಮುಂಬಯಿಯಲ್ಲಿ ಪ್ಲಾಸ್ಟರಿನ ಮೂರ್ತಿಗಳನ್ನು ಗೂಡಿನಿಂದ ಇಳಿಸಿ ಇಡುತ್ತಿದ್ದ ಹೊತ್ತಿನಲ್ಲಿ ಪ್ಯಾರಿಸ್ಸಿನಲ್ಲಿ ಏನು ನಡೆದಿತ್ತು? ಕೂರ್ಬೆ 1849ರಲ್ಲೇ ರಸ್ತೆಬದಿ ಕಲ್ಲು ಒಡೆಯುವ ಇಬ್ಬರನ್ನು ಆಳೆತ್ತರಕ್ಕೆ ಬರೆದು, ರಾಜರಿಗೂ ದೇವರಿಗೂ ಮೀಸಲಾಗಿದ್ದ ಅಳತೆಯನ್ನು ಕೂಲಿಯವರಿಗೆ ಕೊಟ್ಟಿದ್ದ. (ಆ ಚಿತ್ರ ಈಗಿಲ್ಲ, 1945ರಲ್ಲಿ ಯುದ್ಧದ ಬೆಂಕಿಗೆ ಹೋಯಿತು.) 1865ರಲ್ಲಿ ಮಾನೆಯ 'ಒಲಿಂಪಿಯಾ' ಪ್ರದರ್ಶನಕ್ಕೆ ಬಂದಾಗ ಜನ ಸಿಟ್ಟಿಗೆದ್ದರು. ಆ ಹೆಣ್ಣು ಬೆತ್ತಲೆ ಎಂಬುದಕ್ಕಿಂತ ಮೈಯಲ್ಲಿ ನೆರಳೇ ಇಲ್ಲ, ಇಸ್ಪೀಟು ಎಲೆಯ ರಾಣಿಯಂತೆ ಚಪ್ಪಟೆಯಾಗಿದ್ದಾಳೆ ಎಂಬುದು ಹಲವರ ತಕರಾರು. ನನ್ನ ಆಯಿಯ ತೊಟ್ಟಿಲು ನೋಡಿದ್ದರೆ ಅವರು ಏನೆನ್ನುತ್ತಿದ್ದರೋ! 1839ರಲ್ಲಿ ಫೋಟೋಗ್ರಫಿ ಬಂದಿತ್ತು, ಇದ್ದದ್ದನ್ನು ಇದ್ದಂತೆ ತೆಗೆಯುವ ಕೆಲಸವನ್ನು ಯಂತ್ರ ಕಸಿದುಕೊಂಡಿತ್ತು. 1841ರಲ್ಲಿ ಒಬ್ಬ ಅಮೆರಿಕನ್ ಚಿತ್ರಕಾರ ಬಣ್ಣ ತುಂಬುವ ತವರದ ಟ್ಯೂಬು ಕಂಡುಹಿಡಿದಿದ್ದ. ಅಲ್ಲಿಯವರೆಗೆ ಎಣ್ಣೆಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು, ಬಿಸಿಲಿಗೆ ಒಯ್ಯುವುದು ಕಷ್ಟ. ಟ್ಯೂಬು ಜೇಬಿಗೆ ಬಂದ ಮೇಲೆ ಚಿತ್ರಕಾರ ಮನೆ ಬಿಟ್ಟು ಹೊಳೆದಂಡೆಗೆ ಹೋದ. 1874ರ ಏಪ್ರಿಲ್‌ನಲ್ಲಿ ನಾದಾರ್ ಎಂಬ ಫೋಟೋಗ್ರಾಫರನ ಹಳೆಯ ಸ್ಟುಡಿಯೋದಲ್ಲಿ ಮೊನೆ ಮತ್ತು ಅವನ ಗೆಳೆಯರು ತಮ್ಮದೇ ಪ್ರದರ್ಶನ ಇಟ್ಟರು. ಮೊನೆಯ 'ಇಂಪ್ರೆಷನ್, ಸೂರ್ಯೋದಯ'ದ ಹೆಸರನ್ನೇ ಹಿಡಿದು ಒಬ್ಬ ವಿಮರ್ಶಕ ಗೇಲಿ ಮಾಡಿದ, ಗೇಲಿಯೇ ಪಂಥದ ಹೆಸರಾಯಿತು.

ಅಂದರೆ ಯುರೋಪಿನ ಚಿತ್ರಕಾರರು ಪ್ಲಾಸ್ಟರಿನ ಕೋಣೆಯಿಂದ ಹೊರಬೀಳುತ್ತಿದ್ದ ಹೊತ್ತಿಗೆ ನಮ್ಮವರು ಅದೇ ಕೋಣೆಯೊಳಗೆ ಕಾಲಿಡುತ್ತಿದ್ದರು. ಬಾಗಿಲು ಒಂದೇ, ನಡೆಯುವ ದಿಕ್ಕು ಬೇರೆ. ಇದು ಹೊಳೆದಾಗ ನನಗೆ ಮೊದಲು ಬಂದದ್ದು ಸಿಟ್ಟು. ತಮಗೆ ಬೇಡವಾದ ಹಳೆ ಅಂಗಿಯನ್ನು ನಮಗೆ ತೊಡಿಸಿದರಲ್ಲ ಎಂಬ ಸಿಟ್ಟು. ಎರಡನೇ ಕರಡಿನಲ್ಲಿ ಅದನ್ನೇ ದೊಡ್ಡ ದನಿಯಲ್ಲಿ ಬರೆದೆ. ಈಗ ಆ ಪುಟಗಳನ್ನು ಓದಿದರೆ ಸ್ವಲ್ಪ ನಾಚಿಕೆಯಾಗುತ್ತದೆ.

ಏಕೆಂದರೆ ಧಾರವಾಡದ ಹುಡುಗನಿಗೆ ಆ ಕೋಣೆ ಹಳೆಯದಾಗಿರಲಿಲ್ಲ. ಡಿ.ವಿ. ಹಾಲಭಾವಿಯವರು ಜೆ.ಜೆ.ಯಲ್ಲಿ ಕಲಿತು ಬಂದು 1935ರಲ್ಲಿ ಧಾರವಾಡದಲ್ಲಿ ಚಿತ್ರಕಲಾ ಶಾಲೆ ತೆರೆದಾಗ, ಸುತ್ತಲಿನ ಹಳ್ಳಿಗಳ ಹುಡುಗರಿಗೆ ಚಿತ್ರ ಬರೆಯುವುದು ಒಂದು ಓದು, ಒಂದು ಉದ್ಯೋಗ ಆಗಬಹುದು ಎಂಬುದೇ ಹೊಸ ಸುದ್ದಿ. ಅಲ್ಲಿಯವರೆಗೆ ಬಣ್ಣದ ಕೆಲಸವೆಂದರೆ ಬಹುಮಟ್ಟಿಗೆ ಚಿತ್ರಗಾರರ ಮನೆತನದ್ದು, ಜಾತಿಯ ಕಸುಬು. ತೊಟ್ಟಿಲು ಬರೆಯುವುದನ್ನು ಕಲಿಯಬೇಕೆಂದರೆ ಆ ಮನೆಯಲ್ಲಿ ಹುಟ್ಟಬೇಕು. ಕೊಡದ ಬಾಯಿ ಹೇಗೆ ಕಾಣುತ್ತದೆ ಎಂಬುದನ್ನು ಮಾತ್ರ ಕಣ್ಣಿದ್ದ ಯಾರಾದರೂ ಕಲಿಯಬಹುದಿತ್ತು. ಇದು ಸಣ್ಣ ಮಾತಲ್ಲ. ಒಕ್ಕಲಿಗನ ಮಗ, ಕುರುಬರ ಹುಡುಗ, ನೇಕಾರರ ಹುಡುಗ ಒಂದೇ ಸಾಲಿನಲ್ಲಿ ಕುಳಿತು ತನ್ನ ಅಪ್ಪನ ಮುಖವನ್ನು ನೋಡಿ ನೋಡಿ ಬರೆದ. ದೇವರಲ್ಲದ, ದೊರೆಯಲ್ಲದ ಒಂದು ಮುಖ, ಅದರ ಸುಕ್ಕುಗಳ ಸಮೇತ, ಚಿತ್ರವಾಗಲು ಯೋಗ್ಯ ಎಂಬ ಕೂರ್ಬೆಯ ಮಾತು ನಮ್ಮ ಕಡೆ ಹೀಗೆ, ಹಳೆಯ ಅಂಗಿ ತೊಟ್ಟುಕೊಂಡೇ ಬಂತು.

ಇನ್ನು ನಾನು ಎಲ್ಲಿ ಕುಳಿತು ನೋಡಿದೆ ಎಂಬ ಪ್ರಶ್ನೆ. ಉತ್ತರ ನೇರವಾಗಿದೆ: ಮೊಬೈಲಿನಲ್ಲಿ. ನಮ್ಮ ಊರಿನ ಮಾಳಿಗೆ ಮೇಲೆ ಸಿಗ್ನಲ್ ಸಿಗುವ ಮೂಲೆಯಲ್ಲಿ ಕುಳಿತು. ವ್ಯಾನ್ ಗೋ 1885ರಲ್ಲಿ ಬರೆದ 'ಆಲೂಗಡ್ಡೆ ತಿನ್ನುವವರು' ಮೊದಲು ನೋಡಿದ್ದು ಅಲ್ಲೇ. ತೂಗುದೀಪದ ಕೆಳಗೆ ಐದು ಜನ, ಗಂಟುಗಂಟು ಬೆರಳು, ನೆಲದಿಂದಲೇ ಅಗೆದು ತೆಗೆದಂಥ ಮೈಬಣ್ಣ. ಸಿಪ್ಪೆ ತೆಗೆಯದ, ಮಣ್ಣು ಮೆತ್ತಿದ ಆಲೂಗಡ್ಡೆಯ ಬಣ್ಣ ಬೇಕು ಎಂದು ಅವನೇ ತಮ್ಮನಿಗೆ ಬರೆದಿದ್ದಾನೆ. ಎರಿ ಹೊಲದಲ್ಲಿ ಕೆಲಸ ಮಾಡಿ ಬಂದ ಕೈ ಹೇಗಿರುತ್ತದೆಂದು ಗೊತ್ತಿದ್ದ ನನಗೆ ಆ ಚಿತ್ರಕ್ಕೆ ಯಾವ ಟಿಪ್ಪಣಿಯೂ ಬೇಕಾಗಲಿಲ್ಲ. ಆದರೆ ಮೊಬೈಲಿನಲ್ಲಿ ಅದು ಮೂರು ಇಂಚು. ಪಿಕಾಸೊನ 'ಗೆರ್ನಿಕಾ'ನೂ ಮೂರು ಇಂಚು. ಒಂದು 82 ಸೆಂಟಿಮೀಟರ್ ಎತ್ತರ, 114 ಸೆಂಟಿಮೀಟರ್ ಅಗಲದ್ದು, ಇನ್ನೊಂದು ಮೂರೂವರೆ ಮೀಟರ್ ಎತ್ತರ, ಏಳು ಮೀಟರ್ 77 ಸೆಂಟಿಮೀಟರ್ ಅಗಲದ್ದು. ಪರದೆಯ ಮೇಲೆ ಎರಡೂ ಅಕ್ಕಪಕ್ಕದ ಅಂಚೆಚೀಟಿಗಳು.

ಇದು ತಲೆಯಲ್ಲಿ ಕೊರೆಯಲಾರಂಭಿಸಿ ಒಂದು ದಿನ ಹುಚ್ಚು ಕೆಲಸ ಮಾಡಿದೆ. ಹಳೆಯ ಪತ್ರಿಕೆಗಳನ್ನು ಅಂಟಿಸಿ, ಓದುತ್ತಿದ್ದ ಚಿತ್ರಗಳ ಅಳತೆಗೆ ಕತ್ತರಿಸಿ ಪಡಸಾಲೆಯ ಗೋಡೆಗೆ ಹಚ್ಚಿದೆ. ಮೊನೆಯ ಸೂರ್ಯೋದಯ ನಮ್ಮ ಗೋಡೆಯ ಕ್ಯಾಲೆಂಡರಿಗಿಂತ ತುಸುವೇ ದೊಡ್ಡದು, 48 ಸೆಂಟಿಮೀಟರ್‌ಗೆ 63. ಇಷ್ಟು ಸಣ್ಣ ಚಿತ್ರದಿಂದ ಅಷ್ಟು ಗದ್ದಲವೇ ಎನಿಸಿತು. ಗೆರ್ನಿಕಾ ಮಾತ್ರ ಯಾವ ಗೋಡೆಗೂ ಹಿಡಿಸಲಿಲ್ಲ. ಸುಗ್ಗಿ ಮುಗಿದ ಕಾಲ, ಕಣ ಖಾಲಿ ಇತ್ತು. ಅಪ್ಪನನ್ನು ಕರೆದುಕೊಂಡು ಹೋಗಿ ಹಗ್ಗ ಹಿಡಿಸಿ ಬೂದಿಯಲ್ಲಿ ಗೆರೆ ಹೊಯ್ದೆವು. ಅಪ್ಪನ ಲೆಕ್ಕದಲ್ಲಿ ಹದಿನೇಳು ಮೊಳ ಉದ್ದ, ಏಳೂವರೆ ಮೊಳಕ್ಕೆ ಸ್ವಲ್ಪ ಮೇಲೆ.

"ಇದರಾಗ ಎತ್ತು ಹೂಡಿದ ಚಕ್ಕಡಿ ನಿಂದರತೈತಿ. ಏನ್ ತಗದಾನವ್ವಾ ಇಷ್ಟು ದೊಡ್ಡದರಾಗ?"

ಒಂದು ಗೂಳಿ, ಕಿರುಚುವ ಕುದುರೆ, ಸತ್ತ ಕೂಸನ್ನು ಹಿಡಿದ ತಾಯಿ, ಒಂದು ದೀಪ ಎಂದೆ. ಸ್ಪೇನಿನ ಒಂದು ಸಣ್ಣ ಊರಿನ ಮೇಲೆ 1937ರ ಏಪ್ರಿಲ್ 26ರಂದು ವಿಮಾನದಿಂದ ಬಾಂಬು ಹಾಕಿದ್ದು, ಅವತ್ತು ಸೋಮವಾರ, ಆ ಊರಿನ ಸಂತೆ ಎಂದು ಹೇಳಿದೆ.

"ಸಂತಿ ದಿನಾನ?" ಎಂದ ಅಪ್ಪ ಬೂದಿಯ ಗೆರೆಯೊಳಗೆ ನಿಂತೇ ಇದ್ದ. ಆಮೇಲೆ ಏನೂ ಮಾತಾಡದೆ ಹಗ್ಗ ಸುತ್ತಿಕೊಂಡ. ನಾನು ಓದಿದ ಯಾವ ಪುಸ್ತಕದಲ್ಲೂ ಆ ಚಿತ್ರದ ಅಳತೆಯ ಬಗ್ಗೆ ಅಷ್ಟು ಸ್ಪಷ್ಟವಾಗಿ ತಿಳಿದಿರಲಿಲ್ಲ.

ಚಿತ್ರವನ್ನಾದರೂ ಪರದೆಯಲ್ಲಿ ನೋಡಬಹುದು, ಶಿಲ್ಪವನ್ನು ನೋಡಲಾಗದು. ಸುತ್ತು ಹಾಕದೆ ಶಿಲ್ಪವಿಲ್ಲ. ಹಾಗಾಗಿ ಹತ್ತೊಂಬತ್ತನೇ ಶತಮಾನದ ಒಂದು ಯುರೋಪಿಯನ್ ಶಿಲ್ಪವನ್ನಾದರೂ ಕಣ್ಣಾರೆ ನೋಡಬೇಕೆಂದು ಹೈದರಾಬಾದಿಗೆ ಹೋದೆ. ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲಿ 'ಮುಸುಕಿನ ರೆಬೆಕ್ಕಾ' ಇದ್ದಾಳೆ. ಇಟಲಿಯ ಶಿಲ್ಪಿ ಬೆಂಜೋನಿ ಅಮೃತಶಿಲೆಯಲ್ಲಿ ಕೆತ್ತಿದ್ದು, ಒಂದನೇ ಸಾಲಾರ್ ಜಂಗ್ 1876ರಲ್ಲಿ ರೋಮಿನಿಂದ ತಂದದ್ದು. ಕಲ್ಲಿನ ಮುಸುಕಿನ ಹಿಂದೆ ಮುಖ ಕಾಣುತ್ತದೆ. ನೆರೆದ ಜನ "ಅರೇ, ಇದು ಕಲ್ಲಾ?" ಎಂದು ಬಗ್ಗಿ ಬಗ್ಗಿ ನೋಡುತ್ತಿದ್ದರು. ನಾನೂ ಬಗ್ಗಿದೆ. ಅರ್ಧ ಗಂಟೆ ನಿಂತೆ. ಕಸುಬುದಾರಿಕೆ ಅಂದರೆ ಅದು. ಆದರೆ ಸುತ್ತು ಹಾಕಿದ ಮೇಲೆ, ಈ ಕಲ್ಲು ತಾನು ಕಲ್ಲಲ್ಲ ಎಂದು ಸಾಧಿಸಲು ಎಷ್ಟು ಒದ್ದಾಡುತ್ತಿದೆಯಲ್ಲ ಎಂದೂ ಅನ್ನಿಸಿತು.

ಅದು ಹೈದರಾಬಾದಿಗೆ ಬಂದ ಮರುವರ್ಷ, 1877ರಲ್ಲಿ, ರೋದಾನ ಮೊದಲ ದೊಡ್ಡ ಮೂರ್ತಿ 'ಕಂಚಿನ ಯುಗ' ಪ್ರದರ್ಶನಕ್ಕೆ ಬಂತು. ನಿಂತ ಒಬ್ಬ ಬೆತ್ತಲೆ ಗಂಡಸು. ಎಷ್ಟು ಜೀವಂತವಾಗಿತ್ತೆಂದರೆ ಬದುಕಿದ್ದ ಮನುಷ್ಯನ ಮೈಮೇಲೇ ಅಚ್ಚು ತೆಗೆದಿದ್ದಾನೆ ಎಂಬ ಆರೋಪ ಬಂತು. ಅವನು ರೂಪದರ್ಶಿಯಾಗಿದ್ದ ಬೆಲ್ಜಿಯಂ ಸೈನಿಕನ ಫೋಟೋಗಳನ್ನು ತೋರಿಸಿ ವಾದ ಮಾಡಬೇಕಾಯಿತು. ಮುಂದೆ 1898ರ ಹೊತ್ತಿಗೆ ಅದೇ ರೋದಾ ಕಾದಂಬರಿಕಾರ ಬಾಲ್ಜಾಕನನ್ನು ನಿಲುವಂಗಿ ಸುತ್ತಿಕೊಂಡ ಒಂದು ಬಂಡೆಯಂತೆ ಮಾಡಿಟ್ಟಾಗ, ಕೆಲಸ ಒಪ್ಪಿಸಿದ್ದ ಲೇಖಕರ ಸಂಘ ಅದನ್ನು ತೆಗೆದುಕೊಳ್ಳಲು ಒಪ್ಪಲಿಲ್ಲ. ಮೊದಲು ತೀರಾ ನಿಜದಂತಿದೆ ಎಂಬ ದೂರು, ಇಪ್ಪತ್ತು ವರ್ಷದ ಮೇಲೆ ಏನೇನೂ ನಿಜದಂತಿಲ್ಲ ಎಂಬ ದೂರು. ಆಧುನಿಕ ಶಿಲ್ಪದ ಚರಿತ್ರೆ ಈ ಎರಡು ದೂರುಗಳ ನಡುವೆ ಇದೆ.

ರೆಬೆಕ್ಕಾ ಬಂದ 1876 ನಮ್ಮ ಸೀಮೆಗೆ ಬರದ ವರ್ಷ. ಅಲ್ಲಿಂದ 1878ರವರೆಗೆ ದಕ್ಷಿಣ ಭಾರತದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಚರಿತ್ರೆ ಓದುವವಳು ಈ ಇಸವಿಗಳನ್ನು ಬೇರೆ ಬೇರೆ ಪುಸ್ತಕಗಳಲ್ಲಿ ಓದುತ್ತಾಳೆ, ಅಷ್ಟೆ. ಅದೇ 1876ರಲ್ಲಿ ರೊಮೇನಿಯಾದ ಹೊಬಿತ್ಸಾ ಎಂಬ ಹಳ್ಳಿಯಲ್ಲಿ ಒಬ್ಬ ರೈತನ ಮನೆಯಲ್ಲಿ ಬ್ರಾಂಕೂಸಿ ಹುಟ್ಟಿದ. ಕಟ್ಟಿಗೆ ಕೆತ್ತನೆಗೆ ಹೆಸರಾದ ಸೀಮೆ ಅದು, ಮನೆಯ ಕಂಬ, ಬಾಗಿಲು ಎಲ್ಲಕ್ಕೂ ಕೆತ್ತನೆ. ಪ್ಯಾರಿಸ್ಸಿಗೆ ಬಂದು ರೋದಾನ ಕೆಲಸದ ಮನೆಗೆ 1907ರಲ್ಲಿ ಸೇರಿದವನು ಸ್ವಲ್ಪ ದಿನದಲ್ಲೇ ಬಿಟ್ಟು ಹೊರಟ. ಆಮೇಲೆ ಹಕ್ಕಿಯಿಂದ ರೆಕ್ಕೆ, ಕೊಕ್ಕು, ಪುಕ್ಕ ಎಲ್ಲವನ್ನೂ ಉಜ್ಜಿ ಉಜ್ಜಿ ತೆಗೆದು ಹಾರಾಟವನ್ನಷ್ಟೇ ಉಳಿಸಿಕೊಂಡ. ಅವನ 'ಆಕಾಶದಲ್ಲಿ ಹಕ್ಕಿ' 1926ರಲ್ಲಿ ಅಮೆರಿಕಕ್ಕೆ ಹೋದಾಗ ಕಸ್ಟಮ್ಸಿನವರು ಇದು ಕಲೆಯಲ್ಲ ಎಂದು ಅಡುಗೆ ಸಾಮಾನಿನ ಪಟ್ಟಿಗೆ ಸೇರಿಸಿ ಸುಂಕ ಹಾಕಿದರು. ಎರಡು ವರ್ಷ ಕೋರ್ಟಿನಲ್ಲಿ ನಡೆದು ಕೊನೆಗೆ ಹಕ್ಕಿ ಗೆದ್ದಿತು.

ಈ ಹಕ್ಕಿಗಳಲ್ಲಿ ಮೂರನ್ನು ಕೊಂಡವನು ನಮ್ಮ ದೇಶದ ರಾಜ, ಇಂದೂರಿನ ಯಶವಂತರಾವ್ ಹೋಳ್ಕರ್. ಅವುಗಳಿಗಾಗಿ ಒಂದು ಧ್ಯಾನಮಂದಿರ ಕಟ್ಟುವ ಯೋಜನೆಯಿತ್ತು. ಅದಕ್ಕೆಂದು ಬ್ರಾಂಕೂಸಿ 1938ರ ಆರಂಭದಲ್ಲಿ ಇಂದೂರಿಗೂ ಬಂದಿದ್ದ. ಮಂದಿರ ಏಳಲಿಲ್ಲ. ಅಮೃತಶಿಲೆಯ ಎರಡು ಹಕ್ಕಿಗಳು, ಒಂದು ಬಿಳಿ, ಒಂದು ಕಪ್ಪು, ಈಗ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿವೆ. ಮಂದಿರ ಕಟ್ಟಿದ್ದರೆ ನಾನು ಹೈದರಾಬಾದಿನ ಬದಲು ಇಂದೂರಿನ ರೈಲು ಹತ್ತುತ್ತಿದ್ದೆ.

ಬ್ರಾಂಕೂಸಿಯ ಬಗ್ಗೆ ಓದುತ್ತಿದ್ದ ದಿನಗಳಲ್ಲಿ ಅಣ್ಣಿಗೇರಿಯ ಅಮೃತೇಶ್ವರ ಗುಡಿಗೆ ಹೋದೆ. ಸಣ್ಣಂದಿನಿಂದ ಕಂಡ ಗುಡಿ. ಕಲ್ಯಾಣ ಚಾಲುಕ್ಯರ ಕಾಲದ್ದು, ಕಪ್ಪು ಕಲ್ಲು, ಎಪ್ಪತ್ತಕ್ಕೂ ಹೆಚ್ಚು ಕಂಬ. ನಾವೆಲ್ಲ ಗೋಡೆಯ ಮೂರ್ತಿಗಳನ್ನು ನೋಡುತ್ತೇವೆ, ಕಂಬಕ್ಕೆ ಬೆನ್ನು ಹಚ್ಚಿ ಕೂಡುತ್ತೇವೆ. ಅವತ್ತು ಕಂಬವನ್ನೇ ನೋಡಿದೆ. ಚೌಕ, ಗಂಟೆ, ಬಳೆ, ತಟ್ಟೆ, ಒಂದರ ಮೇಲೊಂದು. ಯಾರ ರೂಪವೂ ಇಲ್ಲ, ಯಾವ ಕಥೆಯೂ ಇಲ್ಲ. ಬ್ರಾಂಕೂಸಿ 1938ರಲ್ಲಿ ತನ್ನ ಸೀಮೆಯಲ್ಲಿ ನಿಲ್ಲಿಸಿದ 'ಅನಂತ ಸ್ತಂಭ', ಒಂದೇ ಆಕಾರ ಮತ್ತೆ ಮತ್ತೆ ಏರುತ್ತ ಸುಮಾರು 29 ಮೀಟರ್ ಎತ್ತರ ಹೋಗುವುದು, ಕಣ್ಣಮುಂದೆ ಬಂತು. ಮೈ ಝುಂ ಎಂದಿತು. ಮನೆಗೆ ಬಂದವಳೇ, ಯುರೋಪು ಇಪ್ಪತ್ತನೇ ಶತಮಾನದಲ್ಲಿ ಕಂಡುಕೊಂಡದ್ದು ನಮ್ಮಲ್ಲಿ ಸಾವಿರ ವರ್ಷದ ಹಿಂದೆಯೇ ಇತ್ತು ಎಂದು ಬರೆದೆ. ಮಾನೆ ತೊರೆದ ನೆರಳು ನಮ್ಮ ತೊಟ್ಟಿಲಿನಲ್ಲಿ ಇರಲೇ ಇಲ್ಲ ಎಂದು ಬರೆದೆ. 1910ರಲ್ಲಿ ಮ್ಯೂನಿಕ್‌ನ ಇಸ್ಲಾಮಿ ಕಲಾಪ್ರದರ್ಶನದಲ್ಲಿ ಜಮಖಾನೆಗಳನ್ನು ನೋಡಿ ಬಂದ ಮಾತಿಸ್, ಮರುವರ್ಷ ಇಡೀ ಕೋಣೆಯನ್ನು ಒಂದೇ ಕೆಂಪಿನಲ್ಲಿ ಹಾಸಿಬಿಟ್ಟ. ಅಂಥ ಕೆಂಪನ್ನು ನವಲಗುಂದದ ಜಮಖಾನೆ ನೇಯುವ ಹೆಣ್ಣುಮಕ್ಕಳು ನಿಂತ ಮಗ್ಗದ ಮೇಲೆ ಎಂದಿನಿಂದಲೋ ನೇಯುತ್ತಿದ್ದಾರೆ ಎಂದೂ ಬರೆದೆ. ಬರೆಯುವಾಗ ಬಹಳ ಖುಷಿಯಾಗಿತ್ತು. ಇಂಥ ಖುಷಿಯಲ್ಲಿ ಬರೆದದ್ದನ್ನು ಎರಡು ದಿನ ಬಿಟ್ಟು ಓದಬೇಕು.

ಓದಿದಾಗ ಸುಳ್ಳು ಕಂಡಿತು. ಗುಡಿಯ ಕಂಬ ಮಾಡನ್ನು ಹೊರಲು ನಿಂತದ್ದು, ಬ್ರಾಂಕೂಸಿಯ ಸ್ತಂಭ ಏನನ್ನೂ ಹೊರುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಸತ್ತ ತನ್ನ ಊರ ಕಡೆಯವರ ನೆನಪಿಗೆ, ಬಯಲಿನಲ್ಲಿ, ಬರಿದೇ ಆಕಾಶಕ್ಕೆ ನಿಂತಿದೆ. ನವಲಗುಂದದ ಹೆಣ್ಣುಮಗಳು ಪಗಡೆಯ ಹಾಸು ನೇಯುವಾಗ ಯಾವ ವಿದ್ಯೆಯನ್ನೂ ಬಿಟ್ಟುಕೊಡುತ್ತಿಲ್ಲ, ಅತ್ತೆಯಿಂದ ಕಲಿತದ್ದನ್ನು ಉಳಿಸಿಕೊಳ್ಳುತ್ತಿದ್ದಾಳೆ. ಮಾತಿಸ್ ನೇಕಾರರ ಸೀಮೆಯಲ್ಲೇ ಬೆಳೆದವನಾದರೂ ನೆರಳು ಬೆಳಕಿನ ವಿದ್ಯೆಯನ್ನು ಪೂರ್ತಿ ಕಲಿತು, ಆಮೇಲೆ ಅದನ್ನು ಕೈಬಿಟ್ಟವನು. ನನ್ನ ದುಂಡು ಬಾಯಿಯ ಕೊಡವೂ ಹಾಗೆಯೇ. ಅದು ಏನನ್ನೂ ಮೀರಿ ಬಂದದ್ದಲ್ಲ, ಕುಳಿತ ಜಾಗದಿಂದ ನೋಡುವುದು ಹೇಗೆಂದು ಇನ್ನೂ ಕಲಿಯದವಳ ಕೊಡ ಅದು. ಗಡಿಗೆಯ ಬಾಯಿಯನ್ನು ಬೇಕೆಂದೇ ತೆರೆದ ಕಲಘಟಗಿಯ ಚಿತ್ರಗಾರನ ಸಾಲಿಗೂ ನಾನು ಸೇರುವುದಿಲ್ಲ. ಆ ಪುಟಗಳನ್ನು ತೆಗೆದುಹಾಕಿದೆ. ತಡವಾಗಿ ತಲುಪಿದವರು ನಾವು ಎಂದು ತಲೆ ತಗ್ಗಿಸುವುದೂ, ಎಲ್ಲ ನಮ್ಮಲ್ಲೇ ಇತ್ತು ಎಂದು ಎದೆ ಉಬ್ಬಿಸುವುದೂ ನೋಡುವ ಶ್ರಮವನ್ನು ತಪ್ಪಿಸಿಕೊಳ್ಳುವ ಉಪಾಯಗಳು ಎಂದು ಈಗ ಅನ್ನಿಸುತ್ತದೆ.

ಈ ಶ್ರಮವನ್ನು ಮೈಮೇಲೆ ಎಳೆದುಕೊಂಡವರು ಕನ್ನಡದವರಲ್ಲಿ ಕೆ.ಕೆ. ಹೆಬ್ಬಾರ್. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಜೆ.ಜೆ.ಯಲ್ಲಿ ಕಲಿತು, ಅಲ್ಲಿಯೇ ಕಲಿಸಿದವರು. ಅಷ್ಟರಲ್ಲಿ ಜೆ.ಜೆ.ಯ ಗಾಳಿಯೂ ಬದಲಾಗಿತ್ತು. ಚಾರ್ಲ್ಸ್ ಜೆರಾರ್ಡ್ ಎಂಬ ಮುಖ್ಯಸ್ಥರು ಹೊಸ ಚಿತ್ರಕಲೆಯ ಪರವಾಗಿದ್ದರು. ಹಿಟ್ಲರನ ಕಾಟಕ್ಕೆ ವಿಯೆನ್ನಾ ಬಿಟ್ಟು ಮುಂಬಯಿಗೆ ಬಂದ ವಾಲ್ಟರ್ ಲಾಂಗ್‌ಹ್ಯಾಮರ್ ತನ್ನ ಮನೆಯಲ್ಲಿ ಹುಡುಗರಿಗೆ ಯುರೋಪಿನ ಚಿತ್ರಗಳ ಅಚ್ಚುಗಳನ್ನು ತೋರಿಸಿ ಮಾತಾಡುತ್ತಿದ್ದ. ಅಚ್ಚುಗಳನ್ನು ನೋಡಿ ಕಲಿತ ಆ ಹುಡುಗರಲ್ಲಿ ಕೆಲವರು 1947ರ ಪ್ರೊಗ್ರೆಸಿವ್ ಗುಂಪಿನವರು, ಸೂಜಾ, ರಜಾ ಮೊದಲಾದವರು. ಮೂಲಚಿತ್ರ ನೋಡದೆ ಓದುವವಳು ನಾನೊಬ್ಬಳೇ ಅಲ್ಲ ಎಂಬ ಸಮಾಧಾನ ಇಲ್ಲಿ ಸಿಗುತ್ತದೆ. ಹೆಬ್ಬಾರರು ಮಾತ್ರ 1949ರಲ್ಲಿ, ಮೂವತ್ತೆಂಟನೇ ವಯಸ್ಸಿನಲ್ಲಿ, ಮುಂಬಯಿಯಲ್ಲಿ ಹೆಸರು ಮಾಡಿದ ಮೇಲೆ ಪ್ಯಾರಿಸ್ಸಿಗೆ ಹೋಗಿ ಅಕಾದೆಮಿ ಜೂಲಿಯಾಂನಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. ಹೋಗಿ ಬಂದ ಮೇಲೆ ಅವರ ಕೈಯಲ್ಲಿ ಬಲವಾಗುತ್ತ ಹೋದದ್ದು ಗೆರೆ, ಯಕ್ಷಗಾನದ ಸೀಮೆಯವನ ಕುಣಿಯುವ ಗೆರೆ. ಪ್ಯಾರಿಸ್ಸು ಅವರಿಗೆ ಏನು ಕೊಟ್ಟಿತು ಎಂಬುದಕ್ಕೆ ನನ್ನ ಪ್ರಬಂಧದಲ್ಲಿ ಇನ್ನೂ ಪೂರ್ತಿ ಉತ್ತರ ಬರೆದಿಲ್ಲ.

ಕಳೆದ ದೀಪಾವಳಿಯ ರಜೆಯಲ್ಲಿ ನಮ್ಮ ಡ್ರಾಯಿಂಗ್ ಮಾಸ್ತರರ ಮನೆಗೆ ಹೋದೆ. ನಿವೃತ್ತರಾಗಿ ಬಹಳ ವರ್ಷವಾಯಿತು. ಕಣ್ಣಿನ ಆಪರೇಷನ್ ಆಗಿದೆ, ಗೋಡೆಯ ಮೇಲೆ ಅವರ ತಂದೆಯ ಭಾವಚಿತ್ರ, ಜಲವರ್ಣದ್ದು, ಅವರೇ ಬರೆದದ್ದು. ಸೆಜಾನ್ ಸುಮಾರು 1893ರಲ್ಲಿ ಬರೆದ 'ಸೇಬಿನ ಬುಟ್ಟಿ'ಯ ಒಂದು ಚಲೋ ಪ್ರಿಂಟು ಒಯ್ದಿದ್ದೆ. ಮೇಜು, ವಾಲಿದ ಬುಟ್ಟಿ, ಓರೆಯಾಗಿ ನಿಂತ ಬಾಟಲಿ, ಮಡಿಕೆ ಮಡಿಕೆ ಬಟ್ಟೆ, ಸೇಬು. ನಮ್ಮ ಪರೀಕ್ಷೆಯ ಸ್ಟೂಲೇ. ಕ್ಯೂಬಿಸಂ ಹುಟ್ಟಿದ್ದು ಇಂಥ ಮೇಜುಗಳ ಮೇಲೆ ಎಂದು ಪುಸ್ತಕಗಳು ಹೇಳುತ್ತವೆ. ನಾನು ಏನೂ ಹೇಳದೆ ಪ್ರಿಂಟನ್ನು ಅವರ ಕೈಗೆ ಕೊಟ್ಟೆ.

ಮಾಸ್ತರು ಬಹಳ ಹೊತ್ತು ನೋಡಿದರು. ಆಮೇಲೆ ಫೂಟಪಟ್ಟಿ ತರಿಸಿ ಮೇಜಿನ ಅಂಚಿನ ಮೇಲೆ ಇಟ್ಟರು. ಬಟ್ಟೆಯ ಎಡಕ್ಕೆ ಕಾಣುವ ಅಂಚು, ಬಲಕ್ಕೆ ಕಾಣುವ ಅಂಚು ಒಂದೇ ಗೆರೆಗೆ ಬರಲಿಲ್ಲ.

"ಎಡಗಡೆದ್ದು ಒಂದ ಕಡೆ ಕುಂತು ತಗದಾನ, ಬಲಗಡೆದ್ದು ಎದ್ದು ಹೋಗಿ ಇನ್ನೊಂದ ಕಡೆ ಕುಂತು ತಗದಾನ," ಎಂದರು. "ಬುಟ್ಟಿ ನೋಡು, ಮ್ಯಾಲಿಂದ ನೋಡಿದಂಗ ಐತಿ. ಬಾಟ್ಲಿ ನೋಡು, ಎದುರಿಗಿಂದ. ಇಂವಗ ಎಷ್ಟು ಮಾರ್ಕ್ಸ್ ಕೊಟ್ರು?"

ಪ್ಯಾರಿಸ್ಸಿನ ಸರಕಾರಿ ಕಲಾಶಾಲೆ ಸೆಜಾನನನ್ನು ಸೇರಿಸಿಕೊಳ್ಳಲಿಲ್ಲ ಎಂದೆ. ರೋದಾ ಅದೇ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಮೂರು ಸಲ ಫೇಲು ಎಂದೂ ಸೇರಿಸಿದೆ.

ಮಾಸ್ತರು ಜೋರಾಗಿ ನಕ್ಕರು. "ಹಂಗಂತ ನೀ ಫೇಲಾದದ್ದು ಸೆಜಾನ್ ಆದದ್ದಕ್ಕಲ್ಲ ಮತ್ತ."

"ಗೊತ್ತೈತ್ರಿ ಸರ್."

ಒಳಗೆ ಕೂಗಿ ಒಂದು ತಂಬಿಗೆ ತರಿಸಿದರು. ಕಿಟಕಿಯ ಬೆಳಕು ಬೀಳುವಂತೆ ಸ್ಟೂಲಿನ ಮೇಲಿಟ್ಟು, ಪೆನ್ಸಿಲ್ಲು ಕೊಟ್ಟು, ನೆಲದ ಮೇಲೆ ಕೂಡೆಂದು ಕೈ ಮಾಡಿದರು. ನಾನು ಕುಳಿತೆ. ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಹಿಡಿದ ಕೈ ಚಾಚಿ ಅಳತೆ ನೋಡಿ, ಬಾಯಿಯ ಗೆರೆ ಎಳೆದೆ.

ಮಾಸ್ತರು ಬೆನ್ನ ಹಿಂದೆ ಬಂದು ಬಗ್ಗಿ ನೋಡಿದರು. "ಬಾಯಿ ಇನ್ನೂ ಜರಾ ಅಗಲ ಆತು," ಎಂದರು.